ಮೈಯೆಲ್ಲಾ ನಾಲಿಗೆ, ಮೇವಲ್ಲಿ ಕಹಿಸೊಪ್ಪು

ನೈಜೀರಿಯಾದ ಕೆಲವು ಹೋಟೆಲುಗಳಲ್ಲಿ ಅಡುಗೆಮನೆಗಿಂತ ಮೊದಲು ಕಣ್ಣಿಗೆ ಬೀಳುವುದು ನೀರಿನ ತೊಟ್ಟಿ. ಒಳಗೆ ಹೊರಳಾಡುವ ಕಪ್ಪು ಮೀನುಗಳಲ್ಲಿ ಒಂದಕ್ಕೆ ಗಿರಾಕಿ ಬೆರಳು ತೋರಿಸುತ್ತಾನೆ; ತುಸು ಹೊತ್ತಿಗೆ ಅದೇ ಮೀನು ಖಾರದ ಸಾರಾಗಿ ಅವನೆದುರು ಬರುತ್ತದೆ. ಇದಕ್ಕೆ ಅಲ್ಲಿನವರಿಟ್ಟ ಹೆಸರು ‘ಪಾಯಿಂಟ್ ಅಂಡ್ ಕಿಲ್’. ಮೀನು ಆಫ್ರಿಕನ್ ಕ್ಯಾಟ್‌ಫಿಶ್, ನಮ್ಮ ಗದ್ದೆ ತೋಡುಗಳ ಮುಗುಡಿನ ದೊಡ್ಡ ದಾಯಾದಿ. ಸ್ಥಳೀಯ ಮೀನುಗಳನ್ನು ನುಂಗಿಹಾಕುತ್ತದೆಂದು ಭಾರತ 2000ದಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದೆ. ಆಫ್ರಿಕಾ ಅದರ ತವರು. ಅಲ್ಲಿ ಆ ತಕರಾರಿಲ್ಲ.

ಕಿವಿರಿನ ಮೇಲ್ಭಾಗದಲ್ಲಿ ಹೂಕೋಸಿನಂತೆ ಕವಲೊಡೆದ ಅಂಗವೊಂದು ಇದಕ್ಕಿದೆ. ಅದರಿಂದ ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಹಾಗಾಗಿ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಒತ್ತೊತ್ತಾಗಿ ತುಂಬಿದರೂ ಸಾಯದು. ಆದರೆ ಸಾಯದಿರುವುದು ಬೇರೆ, ಸುಖವಾಗಿರುವುದು ಬೇರೆ. ಹುರುಪೆಯಿಲ್ಲದ ಮೈ ಒಂದಕ್ಕೊಂದು ಉಜ್ಜಿ ಗಾಯವಾಗುತ್ತದೆ, ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ, ಚರ್ಮದಲ್ಲಿ ಹುಣ್ಣೇಳುತ್ತದೆ. ಸಾಕಣೆಯ ಖರ್ಚಿನಲ್ಲಿ ಸಿಂಹಪಾಲು ಮೇವಿನದ್ದೇ. ತಿಂದದ್ದು ಮೈಗೆ ಹತ್ತುವ ಮೊದಲೇ ಮೀನು ಸತ್ತರೆ ಸಾಕಿದವನ ಗತಿಯೇನು? ಆ ಭಯಕ್ಕೇ ಆ್ಯಂಟಿಬಯೋಟಿಕ್ ಬೆರೆಸುವ ಚಟ ಹುಟ್ಟುವುದು. ಅದು ಹೆಚ್ಚಿದಷ್ಟೂ ಮದ್ದಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತವೆ.

ಬದಲಿಗೆ ಸೊಪ್ಪು ಸದೆ ಹಾಕಿದರೆ? ನೈಜೀರಿಯಾದ ಸಂಶೋಧಕರು ಹುಡುಕಿದ್ದು ತಮ್ಮ ಅಡುಗೆಮನೆಯಲ್ಲೇ: ಬೆಳ್ಳುಳ್ಳಿ, ಶುಂಠಿ, ನುಗ್ಗೆಸೊಪ್ಪು, ‘ಬಿಟರ್ ಲೀಫ್’ ಎಂಬ ಕಹಿಸೊಪ್ಪು. ಈ ಕೊನೆಯದು ನಮ್ಮ ಸಹದೇವಿ ಗಿಡದ ನೆಂಟ. ಅಲ್ಲಿಯ ಹೆಂಗಸರು ಅದನ್ನು ಕಿವುಚಿ ಕಿವುಚಿ ತೊಳೆದು, ಕಹಿ ಇಳಿಸಿ ಸಾರಿಗೆ ಹಾಕುತ್ತಾರೆ. ತಾಂಜಾನಿಯಾದ ಮಹಾಲೆ ಕಾಡಿನ ಚಿಂಪಾಂಜಿಗಳು ಹೊಟ್ಟೆ ಕೆಟ್ಟಾಗ ಇದೇ ಗಿಡದ ದಂಟಿನ ತಿರುಳನ್ನು ಅಗಿದು ರಸ ಹೀರುವುದನ್ನು ವಿಜ್ಞಾನಿಗಳು 1980ರ ದಶಕದಲ್ಲಿ ಕಂಡರು. ಕಹಿ ಎಂಬುದು ಗಿಡ ತನ್ನನ್ನು ಮೇಯಬಾರದೆಂದು ಕಟ್ಟಿಕೊಂಡ ಬೇಲಿ. ಆ ಬೇಲಿಯ ಮುಳ್ಳುಗಳೇ ಚಿಟಿಕೆಯಷ್ಟಿದ್ದಾಗ ಹುಳುವಿಗೆ, ಬ್ಯಾಕ್ಟೀರಿಯಾಕ್ಕೆ ಚುಚ್ಚುತ್ತವೆ.

ಬೆಳ್ಳುಳ್ಳಿಯ ಕಸುಬು ಇನ್ನೂ ಸೊಗಸು. ಇಡೀ ಎಸಳಿನಲ್ಲಿ ಮದ್ದೇ ಇಲ್ಲ! ಅಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ. ಜಜ್ಜಿದಾಗ ಎರಡೂ ಕೂಡಿ ಅಲಿಸಿನ್ ಆಗುತ್ತದೆ. ಅದು ಬ್ಯಾಕ್ಟೀರಿಯಾದ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಜಜ್ಜದೆ ಬೇಯಿಸಿಬಿಟ್ಟರೆ ಕಿಣ್ವ ಸತ್ತು ವಾಸನೆಯೂ ಇಲ್ಲ, ಗುಣವೂ ಇಲ್ಲ. ಮೇವು ತಯಾರಿಸುವವರು ಇದನ್ನು ಮರೆತರೆ ಬೆಳ್ಳುಳ್ಳಿ ದಂಡ.

ಪ್ರಯೋಗಗಳಲ್ಲಿ ಬೆರೆಸುವುದು ಸಾಮಾನ್ಯವಾಗಿ ಕಿಲೋ ಮೇವಿಗೆ ಕೆಲವು ಗ್ರಾಂ ಮಾತ್ರ. ಹಲವು ಪ್ರಯೋಗಗಳಲ್ಲಿ ಮೀನಿನ ತೂಕ ಏರಿದೆ, ಬಿಳಿರಕ್ತಕಣ ಹೆಚ್ಚಿವೆ, ಏರೋಮೊನಾಸ್ ಚುಚ್ಚಿದರೂ ಹೆಚ್ಚು ಮೀನು ಬದುಕಿವೆ. ‘ಗಿಡಮೂಲಿಕೆ ತಾನೇ, ಎಷ್ಟಾದರೂ ಹಾಕು’ ಎಂದವನು ಕೆಟ್ಟ. ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಫೈಟಿಕ್ ಆಮ್ಲ ರಂಜಕವನ್ನೂ ಸತುವನ್ನೂ ಬಿಟ್ಟುಕೊಡುವುದಿಲ್ಲ. ಮೀನು ತಿನ್ನುತ್ತಲೇ ಬಡವಾಗುತ್ತದೆ. ಜೊತೆಗೆ, ಪ್ರಯೋಗಾಲಯದ ತೊಟ್ಟಿಯಲ್ಲಿ ನೀರು ಚೊಕ್ಕ, ಮೀನು ಕಡಿಮೆ. ಹಿತ್ತಲಿನ ಕೊಳಕು ನೀರಿನಲ್ಲೂ ಅದೇ ಫಲ ಸಿಕ್ಕೀತೆಂದು ನನಗಂತೂ ನಂಬಿಕೆಯಿಲ್ಲ. ಬೇಗ ಬೆಳೆದು ಒಡಹುಟ್ಟಿದವರನ್ನೇ ನುಂಗುವ ‘ಶೂಟರ್’ ಮರಿಗಳಿಗಂತೂ ಯಾವ ಸೊಪ್ಪೂ ಬುದ್ಧಿ ಹೇಳದು; ಕೈಯಿಂದಲೇ ಆರಿಸಿ ಬೇರೆ ಮಾಡಬೇಕು.

ಇಷ್ಟೆಲ್ಲಾ ಆದಮೇಲೂ ಮೀನು ಒಪ್ಪಬೇಕಲ್ಲ? ಕ್ಯಾಟ್‌ಫಿಶ್‌ಗಳಿಗೆ ರುಚಿಮೊಗ್ಗುಗಳು ಬಾಯಲ್ಲಷ್ಟೇ ಅಲ್ಲ, ಮೀಸೆಯಲ್ಲೂ ಮೈತುಂಬಾ ಚರ್ಮದಲ್ಲೂ ಇವೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ಕಹಿಸೊಪ್ಪು ಬೆರೆಸಿದ ಮೇವನ್ನು ಎರಚಿದಾಗ ನಾಲ್ಕು ಜೊತೆ ಮೀಸೆಗಳು ಮೊದಲು ಸವರಿ ನೋಡುತ್ತವೆ. ಬಾಯಿಗೆ ಹಾಕಿಕೊಂಡದ್ದನ್ನು ಉಗುಳಿದರೆ, ಮುಂದಿನ ಸಲ ಪುಡಿ ಅರ್ಧಕ್ಕಿಳಿಸಬೇಕು.