ಅಸೂಯೆಯ ಜಗಳದಿಂದ ಆದರ್ಶದ ಸಮರದವರೆಗೆ: ಕಾರ್ಟೂನ್ ನಾಯಕಿಯರ ಕಾಳಗದ ಕಥೆ

ದೂರದರ್ಶನದ ಕಾರ್ಟೂನ್ ಧಾರಾವಾಹಿಗಳಲ್ಲಿ ಗಂಡುಪಾತ್ರಗಳ ಹೊಡೆದಾಟಕ್ಕೆ ಎಂದೂ ಬರವಿರಲಿಲ್ಲ. ಹೆಣ್ಣುಪಾತ್ರಗಳ ಸ್ಥಿತಿ ಬೇರೆಯಾಗಿತ್ತು. ಖಳನ ಕೈಗೆ ಸಿಕ್ಕಿ ನಾಯಕನ ದಾರಿ ಕಾಯುವುದು ಅವರ ಪಾಲಿಗೆ ಬಂದ ಸಾಮಾನ್ಯ ಕೆಲಸ. ಇಬ್ಬರು ಸ್ತ್ರೀಯರು ಪರಸ್ಪರ ಎದುರಾದರೆ ಅದಕ್ಕೆ ರೂಪದ ಗರ್ವವೋ, ಹೊಟ್ಟೆಕಿಚ್ಚೋ ಕಾರಣವಾಗುತ್ತಿದ್ದುದೇ ಹೆಚ್ಚು. ಕಳೆದ ನಾಲ್ಕು ದಶಕಗಳಲ್ಲಿ ಈ ಪರಿಸ್ಥಿತಿ ಗಣನೀಯವಾಗಿ ಬದಲಾಗಿದೆ. ಹೆಣ್ಣುಪಾತ್ರಗಳು ಹೇಗೆ ಹೊಡೆದಾಡುತ್ತವೆ ಎಂಬುದರ ಜೊತೆಗೆ ಏತಕ್ಕಾಗಿ ಹೊಡೆದಾಡುತ್ತವೆ ಎಂಬುದೂ ಬದಲಾಗಿರುವುದು ಇಲ್ಲಿ ಗಮನಾರ್ಹ.

ಗೊಂಬೆಪೆಟ್ಟಿಗೆಯ ಮೇಲಿನ ಅಸೂಯೆ

1985ರಲ್ಲಿ ಅಮೆರಿಕದ ಫಿಲ್ಮೇಶನ್ ಸಂಸ್ಥೆಯು ‘ಶೀ-ರಾ: ಪ್ರಿನ್ಸೆಸ್ ಆಫ್ ಪವರ್’ ಧಾರಾವಾಹಿಯನ್ನು ತೆರೆಗೆ ತಂದಿತು. ಜನಪ್ರಿಯ ನಾಯಕ ಹೀ-ಮ್ಯಾನ್‌ನ ಅವಳಿ ಸಹೋದರಿ ಅಡೋರಾ ಇದರ ನಾಯಕಿ. ಖಡ್ಗವೆತ್ತಿದೊಡನೆ ಆಕೆ ಶೀ-ರಾ ಆಗುತ್ತಾಳೆ. ಮುಖವಾಡ ಧರಿಸಿ ಕರಿಚಿರತೆಯಾಗಿ ಮಾರ್ಪಡುವ ಕ್ಯಾಟ್ರಾ ಆಕೆಯ ಎದುರಾಳಿಗಳಲ್ಲೊಬ್ಬಳು.

ಮ್ಯಾಟೆಲ್ ಕಂಪನಿ ಬಾಲಕಿಯರಿಗಾಗಿ ತಯಾರಿಸಿದ ಗೊಂಬೆಗಳ ಮಾಲಿಕೆಯೇ ಈ ಧಾರಾವಾಹಿಗೆ ಆಧಾರ. ಕ್ಯಾಟ್ರಾಳ ಗೊಂಬೆಯ ಪೆಟ್ಟಿಗೆಯ ಮೇಲೆ ಆಕೆಯನ್ನು ‘ಅಸೂಯೆಯ ಸುಂದರಿ’ ಎಂಬರ್ಥದ ಮಾತಿನಿಂದ ಪರಿಚಯಿಸಲಾಗಿತ್ತು. ಪುರುಷ ಖಳರಿಗೆ ಸಾಮ್ರಾಜ್ಯದ ದಾಹವಿದ್ದರೆ ಸ್ತ್ರೀ ಖಳಳಿಗೆ ಹೊಟ್ಟೆಕಿಚ್ಚು ಇದ್ದರೆ ಸಾಕು ಎಂಬ ಅಂದಿನ ಧೋರಣೆ ಆ ಎರಡೇ ಪದಗಳಲ್ಲಿ ಅಡಗಿದೆ.

ಮಕ್ಕಳ ಕಾರ್ಯಕ್ರಮಗಳಲ್ಲಿ ಹಿಂಸೆಯ ಬಗ್ಗೆ ಆಗ ಅಮೆರಿಕದಲ್ಲಿ ಬಹಳ ಎಚ್ಚರಿಕೆ ವಹಿಸಲಾಗುತ್ತಿತ್ತು. ಹೀಗಾಗಿ ಶೀ-ರಾ ಶತ್ರುಗಳನ್ನು ಗುದ್ದುವುದು ಅಪರೂಪ. ಅವರನ್ನು ಎತ್ತಿ ದೂರ ಎಸೆಯುವುದು, ಖಡ್ಗದಿಂದ ಕಿರಣಗಳನ್ನು ತಡೆಯುವುದು ಆಕೆಯ ಯುದ್ಧಕ್ರಮವಾಗಿತ್ತು. ಕಂತಿನ ಕೊನೆಗೆ ಮಕ್ಕಳಿಗೊಂದು ನೀತಿಮಾತು ಹೇಳುವ ಪದ್ಧತಿಯೂ ಇತ್ತು.

ಜಪಾನಿನಲ್ಲಿ ಬರಿಗೈ ಹೋರಾಟ

ಜಪಾನಿನಲ್ಲಿ 1992ರಲ್ಲಿ ಪ್ರಸಾರವಾದ ‘ಸೈಲರ್ ಮೂನ್’ ಶಾಲಾಬಾಲಕಿಯರ ತಂಡವೊಂದನ್ನು ರಣರಂಗಕ್ಕಿಳಿಸಿತು. ಆದರೆ ಅವರ ಬಲವೆಲ್ಲ ಮಂತ್ರದಂಡ, ಕಿರೀಟ, ದೂರದಿಂದ ಎಸೆಯುವ ಬೆಳಕಿನ ಅಸ್ತ್ರಗಳಲ್ಲಿ ಅಡಗಿತ್ತು.

2004ರ ಫೆಬ್ರವರಿ 1ರಂದು ಆರಂಭವಾದ ತೋಯೆ ಅನಿಮೇಶನ್‌ನ ‘ಫುತಾರಿ ವಾ ಪ್ರಿಟಿ ಕ್ಯೂರ್’ ಈ ಅಂತರವನ್ನು ಅಳಿಸಿತು. ಹುಡುಗಿಯರಿಗೂ ಮನಸಾರೆ ಬಡಿದಾಡುವ ಆಸೆಯಿರುತ್ತದೆ ಎಂಬುದು ನಿರ್ಮಾಪಕ ತಕಾಶಿ ವಾಶಿಯೊ ಅವರ ಮೂಲ ಕಲ್ಪನೆ. ‘ಡ್ರಾಗನ್ ಬಾಲ್’ ಸರಣಿಯಲ್ಲಿ ಪಳಗಿದ್ದ ದಾಯ್ಸುಕೆ ನಿಶಿಯೊ ಅದರ ನಿರ್ದೇಶಕರಾದರು. ಝಾಲರಿನ ಉಡುಪು ತೊಟ್ಟ ಇಬ್ಬರು ಬಾಲಕಿಯರು ಬರಿಗೈಯಿಂದ ಗುದ್ದಿ, ಒದ್ದು, ತಾವೂ ಪೆಟ್ಟು ತಿಂದು ಮತ್ತೆ ಏಳುವ ದೃಶ್ಯಗಳು ಪುಟ್ಟ ವೀಕ್ಷಕಿಯರಿಗೆ ಹೊಸತಾಗಿದ್ದವು. ಈ ಸರಣಿ ಹೊಸ ಹೊಸ ನಾಯಕಿಯರೊಂದಿಗೆ ಎರಡು ದಶಕಗಳನ್ನು ದಾಟಿದೆ.

ಜಾಣ್ಮೆಗೆ ಸಂದ ಜಯ

ಸ್ತ್ರೀಪಾತ್ರಗಳ ನಡುವಿನ ಅತ್ಯುತ್ತಮ ಕಾಳಗಗಳ ಮಾತು ಬಂದಾಗಲೆಲ್ಲ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಧಾರಾವಾಹಿಯ ಹೆಸರು ಕೇಳಿಬರುತ್ತದೆ. ನಿಕೆಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರವರೆಗೆ ಪ್ರಸಾರವಾದ ಈ ಕಥೆಯಲ್ಲಿ ಕೆಲವರು ಜಲ, ಭೂಮಿ, ಅಗ್ನಿ, ವಾಯುಗಳನ್ನು ದೇಹದ ಚಲನೆಯಿಂದ ನಿಯಂತ್ರಿಸಬಲ್ಲರು.

ಜಲವಿದ್ಯೆಯ ಕಟಾರಾಗೆ ಮೊದಲು ಗುರುವೇ ಸಿಗಲಿಲ್ಲ. ಉತ್ತರದ ಜಲಕುಲದಲ್ಲಿ ಸ್ತ್ರೀಯರಿಗೆ ಚಿಕಿತ್ಸಾವಿದ್ಯೆ ಮಾತ್ರ, ಯುದ್ಧವಿದ್ಯೆ ನಿಷಿದ್ಧ. ಪಾಠ ಹೇಳಲೊಪ್ಪದ ಗುರು ಪಕ್ಕುವನ್ನೇ ಕಾಳಗಕ್ಕೆ ಕರೆದು ಸೋತ ಬಳಿಕವಷ್ಟೇ ಆಕೆಗೆ ಶಿಷ್ಯವೃತ್ತಿ ದೊರೆಯುತ್ತದೆ. ಎದುರಾಳಿ ಅಗ್ನಿರಾಷ್ಟ್ರದ ರಾಜಕುಮಾರಿ ಅಜುಲಾ. ಹುಟ್ಟು ಪ್ರತಿಭೆ, ಸಿಡಿಲನ್ನೇ ಪ್ರಯೋಗಿಸಬಲ್ಲವಳು.

2008ರ ಜುಲೈ 19ರಂದು ಪ್ರಸಾರವಾದ ಅಂತಿಮ ಕಂತುಗಳಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ಧೂಮಕೇತುವಿನ ಪ್ರಭಾವದಿಂದ ಅಂದು ಅಗ್ನಿವಿದ್ಯೆಯ ಬಲ ಹಲವು ಪಟ್ಟು ಹೆಚ್ಚಿರುತ್ತದೆ. ನೇರ ಕದನದಲ್ಲಿ ಗೆಲ್ಲಲಾಗದೆಂದು ಅರಿತ ಕಟಾರಾ, ಕೆಳಗೆ ನೀರು ಹರಿಯುವ ಕಬ್ಬಿಣದ ಜಾಲರಿಯ ಮೇಲಕ್ಕೆ ಅಜುಲಾಳನ್ನು ಸೆಳೆಯುತ್ತಾಳೆ. ಸಿಡಿಲು ಎರಗುವ ಕ್ಷಣದಲ್ಲಿ ನೀರನ್ನು ಮೇಲೆತ್ತಿ ಇಬ್ಬರನ್ನೂ ಮಂಜುಗಡ್ಡೆಯೊಳಗೆ ಸ್ತಬ್ಧಗೊಳಿಸುತ್ತಾಳೆ. ತನ್ನ ಸುತ್ತಲಿನ ಮಂಜನ್ನಷ್ಟೇ ಕರಗಿಸಿ ಸಾಗಿ, ಶತ್ರುವಿನ ಕೈಗಳನ್ನು ಸರಪಳಿಯಿಂದ ಬಿಗಿಯುತ್ತಾಳೆ. ಒಂದು ಗಾಯವೂ ಆಗದೆ ಯುದ್ಧ ಮುಗಿಯುತ್ತದೆ. ಸೋತ ಅಜುಲಾ ನೆಲಕ್ಕೊರಗಿ ಗೋಳಾಡುವಾಗ ಕಟಾರಾಳ ಮುಖದಲ್ಲಿ ವಿಜಯದ ನಗು ಇರುವುದಿಲ್ಲ.

ತೆರೆಯ ಹಿಂದಿನ ಶ್ರಮ

ಇಂಥ ದೃಶ್ಯವೊಂದು ಸಿದ್ಧವಾಗುವ ಬಗೆ ಕುತೂಹಲಕರ. ಕಥೆಯ ಬರವಣಿಗೆಯ ನಂತರ ಪ್ರತಿ ಚಲನೆಯನ್ನೂ ಸರಣಿ ರೇಖಾಚಿತ್ರಗಳಲ್ಲಿ ರೂಪಿಸಲಾಗುತ್ತದೆ. ‘ಅವತಾರ್’ ತಂಡಕ್ಕೆ ಸಮರಕಲೆಯ ಗುರು ಕಿಸು ಸಲಹೆಗಾರರಾಗಿದ್ದರು. ಅವರು ಪ್ರದರ್ಶಿಸಿದ ಪಟ್ಟುಗಳ ಚಿತ್ರೀಕರಣವನ್ನು ಕಲಾವಿದರು ಮಾದರಿಯಾಗಿಟ್ಟುಕೊಂಡರು. ದಕ್ಷಿಣ ಕೊರಿಯಾದ ಸ್ಟುಡಿಯೋಗಳಲ್ಲಿ ಅನಿಮೇಶನ್ ನಡೆಯಿತು. ಜಲವಿದ್ಯೆಗೆ ಚೀನಾದ ತಾಯ್ ಚಿ, ಅಗ್ನಿವಿದ್ಯೆಗೆ ಉತ್ತರ ಶಾವೊಲಿನ್ ಶೈಲಿ ಆಧಾರ. ಆದ್ದರಿಂದಲೇ ಕಟಾರಾಳ ತೋಳುಗಳು ಅಲೆಯಂತೆ ಬಳುಕುತ್ತವೆ. ಅಜುಲಾಳ ಹೊಡೆತಗಳು ಬಾಣದಂತೆ ನೇರ. ಪಾತ್ರದ ಸ್ವಭಾವವನ್ನು ದೇಹವೇ ಹೇಳುತ್ತದೆ.

ಮತ್ತೆ ಅದೇ ಜೋಡಿ

2018ರ ನವೆಂಬರ್‌ನಲ್ಲಿ ಡ್ರೀಮ್‌ವರ್ಕ್ಸ್ ಸಂಸ್ಥೆ ಶೀ-ರಾ ಕಥೆಯನ್ನು ನೆಟ್‌ಫ್ಲಿಕ್ಸ್‌ಗಾಗಿ ಹೊಸದಾಗಿ ಹೆಣೆಯಿತು. ಎನ್.ಡಿ. ಸ್ಟೀವನ್‌ಸನ್ ಇದರ ರೂವಾರಿ. ಒಟ್ಟು 52 ಕಂತುಗಳು 2020ರ ಮೇ ತಿಂಗಳಲ್ಲಿ ಮುಕ್ತಾಯಗೊಂಡವು. ಇಲ್ಲಿ ಅಡೋರಾ ಮತ್ತು ಕ್ಯಾಟ್ರಾ ಒಂದೇ ಸೂರಿನಡಿ ಬೆಳೆದ ಗೆಳತಿಯರು. ಅವರನ್ನು ಸಾಕಿದ ಶ್ಯಾಡೋ ವೀವರ್ ಒಬ್ಬಳನ್ನು ಮೆರೆಸಿ ಇನ್ನೊಬ್ಬಳನ್ನು ಹಿಂಸಿಸುತ್ತಾಳೆ. ತಾನಿರುವುದು ಅನ್ಯಾಯದ ಪಕ್ಷವೆಂದು ತಿಳಿದ ಅಡೋರಾ ಹೊರಟುಹೋಗುತ್ತಾಳೆ. ಹಿಂದುಳಿದ ಕ್ಯಾಟ್ರಾಗೆ ಅದು ದ್ರೋಹ.

ಮುಂದಿನ ಪ್ರತಿ ಹೊಡೆತದ ಹಿಂದೆಯೂ ಆ ಗಾಯವಿದೆ. ಅಂದಿನ ಪೆಟ್ಟಿಗೆಯ ಮೇಲಿದ್ದ ಅಸೂಯೆ ಇಲ್ಲಿಯೂ ಉಂಟು. ಆದರೆ ಅದು ಎಲ್ಲಿ ಹುಟ್ಟಿತು, ಯಾರು ಬಿತ್ತಿದರು ಎಂಬುದು ಪ್ರೇಕ್ಷಕರಿಗೆ ತಿಳಿದಿದೆ. ಕೊನೆಯ ಭಾಗದಲ್ಲಿ ಅನ್ಯಶಕ್ತಿಯ ವಶವಾದ ಕ್ಯಾಟ್ರಾ ಮೇಲೆರಗಿದಾಗ ಅಡೋರಾ ಆಕೆಯನ್ನು ಸೋಲಿಸಲು ಯತ್ನಿಸುವುದಿಲ್ಲ, ಉಳಿಸಿಕೊಳ್ಳಲು ಹೆಣಗುತ್ತಾಳೆ.

ಪಾಲಕರು ಗಮನಿಸಬೇಕಾದ್ದು

ಅನಿಮೇಶನ್ ಎಂದಾಕ್ಷಣ ಎಲ್ಲವೂ ಮಕ್ಕಳಿಗಾಗಿ ಎಂದು ಭಾವಿಸುವಂತಿಲ್ಲ. 2021ರಲ್ಲಿ ಬಂದು ಮರುವರ್ಷ ಎಮ್ಮಿ ಪ್ರಶಸ್ತಿ ಗಳಿಸಿದ ‘ಆರ್ಕೇನ್’ನಲ್ಲಿ ವಾಯ್ ಮತ್ತು ಜಿಂಕ್ಸ್ ಎಂಬ ಸೋದರಿಯರ ವೈರ ಮನ ಕಲಕುವಂತಿದೆ. ಆದರೆ ಅದರ ರಕ್ತಪಾತ ಎಳೆಯರ ಕಣ್ಣಿಗೆ ತಕ್ಕುದಲ್ಲ.

ಉಳಿದವುಗಳ ವಿಷಯದಲ್ಲಿ ಹೊಡೆತಗಳ ಸಂಖ್ಯೆ ಎಣಿಸುವುದಕ್ಕಿಂತ ಎರಡು ಪ್ರಶ್ನೆಗಳು ಉಪಯುಕ್ತ. ಈ ಇಬ್ಬರು ಏಕೆ ಹೊಡೆದಾಡುತ್ತಿದ್ದಾರೆ? ಹೊಡೆದಾಟ ಮುಗಿದ ಮೇಲೆ ಸೋತವಳ ಗತಿಯೇನಾಯಿತು? ‘ಅಸೂಯೆಯ ಸುಂದರಿ’ಯ ಕಾಲದಲ್ಲಿ ಮೊದಲ ಪ್ರಶ್ನೆಗೆ ಗೊಂಬೆಪೆಟ್ಟಿಗೆಯೇ ಉತ್ತರ ಬರೆದು ಮುಗಿಸಿತ್ತು; ಎರಡನೆಯದನ್ನು ಕೇಳುವವರಿರಲಿಲ್ಲ. ಇಂದು ಮಗಳ ಪಕ್ಕದಲ್ಲಿ ಕುಳಿತು ನೋಡುವ ತಾಯಿತಂದೆಯರು ಎರಡನ್ನೂ ಆಕೆಯನ್ನೇ ಕೇಳಬಹುದು. ಅಜುಲಾ ಅತ್ತದ್ದೇಕೆ ಎಂದು ಆಕೆ ಯೋಚಿಸತೊಡಗಿದರೆ ಆ ಅರ್ಧ ಗಂಟೆ ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.