ಬುರಾನೊವೊ ಗ್ರಾಮದ ಅಜ್ಜಿಯರ ಹಾಡು

2012ನೆಯ ಇಸವಿ ಮೇ ತಿಂಗಳ 26ನೆಯ ತಾರೀಖಿನ ರಾತ್ರಿ ಕಾಸ್ಪಿಯನ್ ಸಮುದ್ರದ ತೀರದಲ್ಲಿರುವ ಬಾಕು ಪಟ್ಟಣದ ಒಂದು ವಿಶಾಲವಾದ ಸಭಾಮಂದಿರದಲ್ಲಿ ಆರು ಮಂದಿ ಹಳ್ಳಿಯ ಹೆಂಗಸರು ರಂಗಸ್ಥಳವನ್ನೇರಿದರು. ತಲೆಗೆ ಕೆಂಪು ವಸ್ತ್ರ, ಕೊರಳಿಗೆ ನಾಣ್ಯಗಳ ಸರ, ಮೈಗೆ ತಮ್ಮ ನಾಡಿನ ಹಳೆಯ ರೀತಿಯ ನಿಲುವಂಗಿ. ಅವರ ಬಳಿಯಲ್ಲಿ ರೊಟ್ಟಿ ಸುಡುವ ಒಂದು ಒಲೆ. ಆ ರಾತ್ರಿ ಅದೇ ರಂಗದ ಮೇಲೆ ನಿಂತವರಲ್ಲಿ ಹೆಚ್ಚಿನವರು ತರುಣ ತರುಣಿಯರು. ಇವರಾದರೋ ಬಹುಮಟ್ಟಿಗೆ ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. ಆದಾಗ್ಯೂ ಅವರು ಹಾಡಿದ್ದು ಕುಣಿತದ ಹಾಡನ್ನೇ. 26 ದೇಶಗಳ ಹಾಡುಗಳಲ್ಲಿ ಅದು ಎರಡನೆಯ ಸ್ಥಾನವನ್ನು ಪಡೆಯಿತು. ಆ ಅಜ್ಜಿಯರು ಯಾರು, ಯಾತಕ್ಕಾಗಿ ಅಷ್ಟು ದೂರ ಹೋದರು, ಅವರ ಹಾಡು ಎಂತಹದು ಎಂಬುದನ್ನು ಈ ಸಂಚಿಕೆಯ ವಾಚಕರಿಗೆ ತಿಳಿಸಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇನೆ.

ಮೊದಲು ಆ ಸ್ಪರ್ಧೆಯ ವಿಷಯ. ಯೂರೋಪಿನ ಪ್ರಸಾರ ಸಂಸ್ಥೆಗಳೆಲ್ಲ ಕೂಡಿ ನಡೆಯಿಸುವ ಈ ಗಾನಸ್ಪರ್ಧೆಗೆ ಯೂರೋವಿಷನ್ ಎಂದು ಹೆಸರು. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ ಏಳು ದೇಶಗಳು ಸೇರಿ ಇದನ್ನು ಆರಂಭಿಸಿದವು. 2012ರಲ್ಲಿ 42 ದೇಶಗಳು ಭಾಗವಹಿಸಿದವು. ಹಿಂದಿನ ವರ್ಷ ಅಜರ್‌ಬೈಜಾನ್ ದೇಶವು ಗೆದ್ದುದರಿಂದ ಆ ಸಾರಿ ಅದರ ರಾಜಧಾನಿಯಾದ ಬಾಕುವಿನಲ್ಲಿ ಕೂಟವು ಏರ್ಪಟ್ಟಿತ್ತು. ಹಾಡು ಮೂರು ನಿಮಿಷವನ್ನು ಮೀರಕೂಡದು. ರಂಗದ ಮೇಲೆ ಆರು ಮಂದಿಗಿಂತ ಹೆಚ್ಚು ಜನರು ಇರಕೂಡದು. ವಾದ್ಯವನ್ನು ಮುಂಚಿತವಾಗಿ ಮುದ್ರಿಸಿ ತರಬಹುದಾದರೂ ಮುಖ್ಯ ಗಾಯಕರು ಜನರೆದುರಿಗೆ ನಿಂತು ತಮ್ಮ ಕಂಠದಿಂದಲೇ ಹಾಡತಕ್ಕದ್ದು. ಯಾವ ಭಾಷೆಯಲ್ಲಿ ಹಾಡಿದರೂ ಆಗಬಹುದೆಂಬ ಸ್ವಾತಂತ್ರ್ಯವು 1999ರಿಂದ ಇದೆ. ಈ ಸ್ವಾತಂತ್ರ್ಯ ದೊರೆತ ಮೇಲೆ ಬಹಳ ದೇಶಗಳವರು ತಂತಮ್ಮ ನುಡಿಯನ್ನು ಬಿಟ್ಟು ಇಂಗ್ಲಿಷಿನಲ್ಲಿ ಹಾಡತೊಡಗಿದರೆಂಬುದು ವಿಚಿತ್ರವಾದರೂ ನಿಜ.

ಬುರಾನೊವೊ ಎಂಬುದು ರಷ್ಯಾ ದೇಶದಲ್ಲಿ ಉರಾಲ್ ಪರ್ವತಗಳಿಂದ ಪಶ್ಚಿಮಕ್ಕಿರುವ ಉದ್ಮುರ್ತಿಯಾ ಎಂಬ ಪ್ರಾಂತದ ಒಂದು ಸಣ್ಣ ಹಳ್ಳಿ. ಸಂಗೀತ ಬಲ್ಲವರಿಗೆ ಪರಿಚಿತನಾದ ಚೈಕೋವ್‌ಸ್ಕಿಯು 1840ರಲ್ಲಿ ಹುಟ್ಟಿದ ವೋತ್‌ಕಿನ್‌ಸ್ಕ್ ಊರು ಇದೇ ಪ್ರಾಂತದಲ್ಲಿದೆ. ಇಲ್ಲಿಯ ಮೂಲನಿವಾಸಿಗಳಾದ ಉದ್ಮುರ್ತರ ಭಾಷೆಗೂ ರಷ್ಯನ್ ಭಾಷೆಗೂ ಕುಲಸಂಬಂಧವಿಲ್ಲ. ಅದು ಫಿನ್ಲೆಂಡ್ ಮತ್ತು ಹಂಗೆರಿ ದೇಶಗಳ ಭಾಷೆಗಳಿಗೆ ದೂರದ ನೆಂಟನು. 2002ರ ಜನಗಣತಿಯಲ್ಲಿ ತಾವು ಉದ್ಮುರ್ತರೆಂದು ಹೇಳಿಕೊಂಡವರು ಸುಮಾರು 6,37,000 ಮಂದಿ. 2010ರಲ್ಲಿ 5,52,000 ಮಂದಿ. ಈ ಎರಡನೆಯ ಗಣತಿಯ ಪ್ರಕಾರ ಆ ನುಡಿಯನ್ನು ಬಲ್ಲವರು 3,24,000 ಮಾತ್ರವೇ. ಪಟ್ಟಣ ಸೇರಿದ ಮಕ್ಕಳು ರಷ್ಯನ್ ಭಾಷೆಯನ್ನು ಆಡುವರು. ಅಜ್ಜಿಯ ಮಾತು ಅಜ್ಜಿಯೊಡನೆಯೇ ಉಳಿಯುವುದು.

ಇಂಥ ಹಳ್ಳಿಯ ಹೆಂಗಸರು ಹೊಲಮನೆಗಳ ಕೆಲಸದ ನಡುವೆ ಒಟ್ಟುಗೂಡಿ ತಮ್ಮ ತಾಯಂದಿರ ಹಾಡುಗಳನ್ನು ಹಾಡುತ್ತಿದ್ದರು. ಊರಿನ ಸಂಸ್ಕೃತಿಭವನದ ಮೇಲ್ವಿಚಾರಕಿಯಾದ ಓಲ್ಗಾ ತುಕ್ತಾರ್ಯೋವಾ ಎಂಬವರು ಪರಭಾಷೆಯ ಕೆಲವು ಪ್ರಸಿದ್ಧ ಗೀತಗಳನ್ನು ಉದ್ಮುರ್ತ್ ನುಡಿಗೆ ತಿರುಗಿಸಿ ಅವರಿಂದ ಹಾಡಿಸಿದರು. ಬೀಟಲ್ಸ್ ಎಂಬ ಆಂಗ್ಲ ಗಾಯಕರ ಹಾಡೂ ಅವುಗಳಲ್ಲಿ ಒಂದು. ಇದರಿಂದ ಅವರ ಹೆಸರು ಹಳ್ಳಿಯನ್ನು ದಾಟಿ ಮಾಸ್ಕೋ ಪರ್ಯಂತ ಹೋಯಿತು. ರಷ್ಯನ್ ಭಾಷೆಯಲ್ಲಿ ಬಾಬುಷ್ಕಾ ಎಂದರೆ ಅಜ್ಜಿ. ಆದುದರಿಂದ ಜನರು ಅವರನ್ನು ‘ಬುರಾನೊವ್‌ಸ್ಕಿಯೆ ಬಾಬುಷ್ಕಿ’, ಅಂದರೆ ಬುರಾನೊವೊದ ಅಜ್ಜಿಯರು, ಎಂದೇ ಕರೆದರು.

ಬುರಾನೊವೊದಲ್ಲಿ ಮುಂಚೆ ಒಂದು ಕ್ರೈಸ್ತ ದೇವಾಲಯವಿತ್ತು. ಸೋವಿಯತ್ ಆಳ್ವಿಕೆಯ ಕಾಲದಲ್ಲಿ ಅದು ನಾಶವಾಯಿತು. ತರುವಾಯ ಊರಿನವರಿಗೆ ಕೂಡಿ ಪ್ರಾರ್ಥಿಸಲು ದೇವರ ಮನೆಯಿಲ್ಲದೆ ಹೋಯಿತು. ಹಾಡಿನಿಂದ ದೊರೆಯುವ ಹಣವನ್ನು ತಮಗಾಗಿ ಇಟ್ಟುಕೊಳ್ಳದೆ ಆ ದೇವಾಲಯವನ್ನು ಮತ್ತೆ ಕಟ್ಟಿಸಬೇಕೆಂದು ಅಜ್ಜಿಯರು ನಿಶ್ಚಯಿಸಿದರು. ಪತ್ರಿಕೆಗಳವರು ಕೇಳಿದಾಗಲೆಲ್ಲ ಇದನ್ನೇ ಹೇಳಿದರು. ಕಾಣಿಕೆಯ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯ ವೃತ್ತಾಂತವನ್ನು ನಮ್ಮ ಬಾಲಿಕೆಯರೆಲ್ಲರೂ ಬಲ್ಲರು. ಈ ಸ್ತ್ರೀಯರ ಬಳಿಯಲ್ಲಿ ಕೊಡುವುದಕ್ಕೆ ಇದ್ದುದು ಕಂಠವೊಂದೇ.

2010ರಲ್ಲಿ ಅವರು ಮೊದಲ ಸಾರಿ ರಷ್ಯಾದ ಆಯ್ಕೆಯ ಕೂಟಕ್ಕೆ ಹೋದರು. ಆಗ ಹಾಡಿದ್ದು ಭೂರ್ಜ ಮರದ ಉದ್ದನೆಯ ತೊಗಟೆಯನ್ನೂ ಅದರಿಂದ ಹೆಂಗಸರ ಶಿರೋಭೂಷಣವನ್ನು ಮಾಡುವ ಬಗೆಯನ್ನೂ ಕುರಿತ ಒಂದು ಹಳ್ಳಿಯ ಧಾಟಿಯ ಹಾಡು. ಅದನ್ನು ಕಟ್ಟಿದವರು ಅವರೆಲ್ಲರಿಗಿಂತ ಹಿರಿಯರಾದ, 1927ರಲ್ಲಿ ಹುಟ್ಟಿದ ಎಲಿಜವೇತಾ ಜರ್ಬಾತೊವಾ. ಅದಕ್ಕೆ ಮೂರನೆಯ ಸ್ಥಾನ ದೊರೆಯಿತು. ಯೂರೋಪಿಗೆ ಹೋಗುವ ಅವಕಾಶ ದೊರೆಯಲಿಲ್ಲ. 2012ರ ಮಾರ್ಚ್ ತಿಂಗಳಲ್ಲಿ ಅವರು ಬೇರೆ ಬಗೆಯ ಹಾಡನ್ನು ತಂದರು. ಇದರ ರಾಗವನ್ನು ವಿಕ್ತೋರ್ ದ್ರೋಬಿಷ್ ಮತ್ತು ತಿಮೊಫೇಯ್ ಲಿಯೋಂತ್ಯೆವ್ ಎಂಬವರು ರಚಿಸಿದ್ದರು. ಮಾತುಗಳಲ್ಲಿ ಉದ್ಮುರ್ತ್ ಭಾಗವು ತುಕ್ತಾರ್ಯೋವಾ ಅವರದು. ಇಂಗ್ಲಿಷ್ ಭಾಗವು ಮೇರಿ ಸೂಸನ್ ಆಪಲ್‌ಗೇಟ್ ಎಂಬಾಕೆಯದು. ‘ಪಾರ್ಟಿ ಫಾರ್ ಎವೆರಿಬಡಿ’ ಎಂಬುದು ಅದರ ಹೆಸರು. ಎಲ್ಲರಿಗೂ ಔತಣವೆಂದು ಅರ್ಥ. 2008ರಲ್ಲಿ ಯೂರೋವಿಷನ್‌ನಲ್ಲಿ ಗೆದ್ದಿದ್ದ ದೀಮಾ ಬಿಲಾನ್ ಎಂಬ ಪ್ರಖ್ಯಾತ ಗಾಯಕನೂ ಆ ಆಯ್ಕೆಯಲ್ಲಿ ಇವರಿಗೆ ಎದುರಾಗಿದ್ದನು. ಅಜ್ಜಿಯರೇ ಗೆದ್ದರು.

ಈ ಹಾಡಿನ ಕಟ್ಟಡವನ್ನು ಸ್ವಲ್ಪ ವಿಚಾರಿಸೋಣ. ಇಂಗ್ಲಿಷಿನವರು ಡ್ಯಾನ್ಸ್ ಪಾಪ್ ಎಂದು ಕರೆಯುವ ಸಂಗೀತದಲ್ಲಿ ತಾಳವೇ ಅರಸು. ನಾಲ್ಕು ಸಮನಾದ ಪೆಟ್ಟುಗಳು, ಒಂದೊಂದು ಪೆಟ್ಟಿಗೂ ದೊಡ್ಡ ಮದ್ದಳೆಯ ಗುದ್ದು, ಅದರ ಮೇಲೆ ವಿದ್ಯುದ್ವಾದ್ಯಗಳ ನಾದ. ಆಗಾಗ ಮರಳಿ ಬರುವ ಚಿಕ್ಕ ಪಲ್ಲವಿ. ಭಾಷೆ ಅರಿಯದವನ ಪಾದವೂ ತಾನಾಗಿ ಮಿಡಿಯಬೇಕೆಂಬುದೇ ಇದರ ಗುರಿ. ಅಜ್ಜಿಯರ ಹಾಡು ಹಾಗೆ ಆರಂಭವಾಗುವುದಿಲ್ಲ. ಮೊದಲು ಕೇಳಿಬರುವುದು ಹಳ್ಳಿಯ ಮಂದಗತಿಯ ಧಾಟಿ. ಮೆರುಗು ಕೊಡದ, ಬಯಲಿನಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆಯುವಂಥ ಕಂಠಗಳು. ಅವರು ಹೇಳುವುದಾದರೂ ಮನೆಯ ಸಂಗತಿಯೇ: ತಾಯಿಯೊಬ್ಬಳು ಹಬ್ಬದ ವಸ್ತ್ರವನ್ನು ಮೇಜಿನ ಮೇಲೆ ಹಾಸಿದ್ದಾಳೆ, ನಾದಿಟ್ಟ ಹಿಟ್ಟು ಉಬ್ಬುತ್ತಿದೆ, ದೂರದಲ್ಲಿರುವ ಮಕ್ಕಳು ಮನೆಗೆ ಬರುವರೆಂದು ಕಾಯುತ್ತಿದ್ದಾಳೆ. ಆಮೇಲೆ ಫಕ್ಕನೆ ಮದ್ದಳೆಯ ಗುದ್ದು ಬೀಳುತ್ತದೆ, ಇಂಗ್ಲಿಷ್ ಪಲ್ಲವಿ ಬರುತ್ತದೆ, ಅಜ್ಜಿಯರು ಕುಣಿಯತೊಡಗುತ್ತಾರೆ. ಪಲ್ಲವಿಯಲ್ಲಿ ಅರ್ಥವೇನೂ ಹೆಚ್ಚಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಬಂದವರು ಮಕ್ಕಳೆಂದು ತಿಳಿದ ಮೇಲೆ ಆ ಗದ್ದಲಕ್ಕೆ ಕಾರಣ ಬೇಕೇ? ರಂಗದ ಮೇಲೆ ಅವರು ಹೂರಣ ತುಂಬಿದ ಸಣ್ಣ ರೊಟ್ಟಿಗಳನ್ನು ಒಲೆಗಿಟ್ಟು, ಹಾಡು ಮುಗಿಯುವಾಗ ತಟ್ಟೆಯೊಡನೆ ಹೊರಗೆ ತೆಗೆದು ಸಭೆಯತ್ತ ಚಾಚಿದರು.

ಇದು ಬರಿಯ ವಿನೋದವೆಂದು ತಿರಸ್ಕರಿಸಿದವರೂ ಇದ್ದರು. ಆ ಸ್ಪರ್ಧೆಯಲ್ಲಿ ಪ್ರತಿಯೊಂದು ದೇಶವೂ ತನ್ನ ಹಾಡನ್ನು ಬಿಟ್ಟು ಮಿಕ್ಕವುಗಳಲ್ಲಿ ಉತ್ತಮವಾದುದಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರ ವರೆಗೆ ಅಂಕಗಳನ್ನು ಕೊಡುವುದು. ಆಗಿನ ಕ್ರಮದಂತೆ ಈ ತೀರ್ಪಿನಲ್ಲಿ ಅರ್ಧ ದೂರವಾಣಿಯ ಮೂಲಕ ಜನರು ಕೊಟ್ಟ ಮತ, ಅರ್ಧ ಸಂಗೀತಜ್ಞರ ಮತ. ಜನರ ಮತ ಮಾತ್ರವನ್ನು ಎಣಿಸಿದರೆ ಅಜ್ಜಿಯರು ಎರಡನೆಯವರು. ಸಂಗೀತಜ್ಞರ ಮತ ಮಾತ್ರವನ್ನು ಎಣಿಸಿದರೆ ಹನ್ನೊಂದನೆಯವರು. ಎರಡನ್ನೂ ಕೂಡಿಸಿದಾಗ ಅವರಿಗೆ 259 ಅಂಕಗಳು ಬಂದವು. ಸ್ವೀಡನ್ನಿನ ಲೊರೀನ್ ಎಂಬಾಕೆಯು 372 ಅಂಕಗಳಿಂದ ಗೆದ್ದಳು. ಆಕೆಯ ಗಾನವು ಮೇಲ್ತರದ್ದೆಂಬುದರಲ್ಲಿ ಸಂದೇಹವಿಲ್ಲ. ಕಂಠಶಿಕ್ಷಣವನ್ನೇ ಅಳೆಯುವುದಾದರೆ ಸಂಗೀತಜ್ಞರನ್ನು ದೂರಲಾಗದು. ಮುಪ್ಪಿನ ಶ್ವಾಸವನ್ನು ಅಡಗಿಸಲು ಯಾವ ಉಪಾಯವೂ ಇರಲಿಲ್ಲ.

ವಯಸ್ಸಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಆ ವರ್ಷ ಬ್ರಿಟನ್ನಿನ ಪರವಾಗಿ ಹಾಡಿದ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಎಂಬ ಹಿರಿಯ ಗಾಯಕನು 1936ರಲ್ಲಿ ನಮ್ಮ ನೆರೆಯ ಮದ್ರಾಸಿನಲ್ಲಿ ಹುಟ್ಟಿದವನು. ಬುರಾನೊವೊದ ನತಾಲ್ಯಾ ಪುಗಚ್ಯೋವಾ ಆತನಿಗಿಂತ ಕೆಲವು ತಿಂಗಳು ದೊಡ್ಡವರು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಸಾಲ್ವೇಷನ್ ಆರ್ಮಿಯವರ ತಂಡದಲ್ಲಿ 95 ವರ್ಷದ ವೃದ್ಧರೊಬ್ಬರು ವಾದ್ಯ ಹಿಡಿದು ನಿಂತು ಇವರಿಬ್ಬರನ್ನೂ ಎಳೆಯರನ್ನಾಗಿ ಮಾಡಿದರು!

ಕೀರ್ತಿ ಬಂದ ಮೇಲೆ ಕಷ್ಟವೂ ಬಂತು. ತಂಡದ ಹೆಸರಿನ ಹಕ್ಕು ಅಜ್ಜಿಯರ ಕೈಯಲ್ಲಿರಲಿಲ್ಲ, ವ್ಯವಸ್ಥಾಪಕರ ಕೈಯಲ್ಲಿತ್ತು. 2014ರಲ್ಲಿ ಅದೇ ಹೆಸರಿನಿಂದ ಬೇರೆ ಗಾಯಕಿಯರು ಹಾಡಹತ್ತಿದರು. ಬುರಾನೊವೊದವರು ತಮ್ಮ ಊರಿನ ಹೆಸರನ್ನೇ ಹೊತ್ತ ಆ ನಾಮವನ್ನು ಬಿಟ್ಟುಕೊಡಬೇಕಾಯಿತು. ಭೂರ್ಜದ ತೊಗಟೆಯ ಹಾಡನ್ನು ಕಟ್ಟಿದ ಎಲಿಜವೇತಾ ಅಜ್ಜಿಯು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡರು. 2021ರ ಜನಗಣತಿಯಲ್ಲಿ ಉದ್ಮುರ್ತರ ಸಂಖ್ಯೆಯು ನಾಲ್ಕು ಲಕ್ಷಕ್ಕೂ ಕೆಳಗೆ ಇಳಿಯಿತು. ಹಳ್ಳಿಯಲ್ಲಿ ಉಳಿದ ಅಜ್ಜಿಯರು ಹಾಡುವುದನ್ನು ಬಿಡಲಿಲ್ಲ. ಅವರು ಬಯಸಿದಂತೆ ಬುರಾನೊವೊದಲ್ಲಿ ದೇವಾಲಯವು ಮತ್ತೆ ಎದ್ದು ನಿಂತಿತು.