ನನ್ನ ಬೋರ್ಡೋ ದ್ರಾವಣಕ್ಕೆ ಮಕ್ಕಳು ಕೊಟ್ಟ ಮಾರ್ಕು

2014ರ ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಮಳೆ ಸ್ವಲ್ಪ ಬಿಟ್ಟಿತ್ತು. ಅಡಿಕೆಗೆ ಎರಡನೇ ಸಲದ ಮದ್ದು ಬಿಡಲು ಅಂಗಳದಲ್ಲಿ ಪ್ಲಾಸ್ಟಿಕ್ ಬ್ಯಾರಲ್ ಇಟ್ಟು ಬೋರ್ಡೋ ಕಲಸಿ ಆಗಿತ್ತು. ಮರ ಹತ್ತುವವರು ಚಾ ಕುಡಿದು ಏಳುವ ಹೊತ್ತು. ಅಷ್ಟರಲ್ಲಿ ಹೈಸ್ಕೂಲಿನ ಐದು ಮಕ್ಕಳು, ಅವರ ಹಿಂದೆ ಕೊಡೆ ಮಡಚಿಕೊಂಡು ವಿಜ್ಞಾನದ ಟೀಚರ್, ಅಂಗಳಕ್ಕೆ ಬಂದರು.

"ಮಾವ, ನಿಮ್ಮ ಬೋರ್ಡೋ ಒಮ್ಮೆ ಟೆಸ್ಟ್ ಮಾಡಬಹುದಾ?" ಅಂತ ಕೇಳಿದ್ದು ಪಕ್ಕದ ಮನೆಯ ಹುಡುಗಿ. ಒಂಬತ್ತನೇ ಕ್ಲಾಸು. ಮಕ್ಕಳಲ್ಲವಾ, ಆಡಲಿ ಎಂದು ಹೂಂ ಅಂದೆ.

ನೀಲಿ ಲಿಟ್ಮಸ್ ಕಾಗದ ಅದ್ದಿದರು. ಕೆಂಪಾಯಿತು. ಇನ್ನೊಂದು ಅದ್ದಿದರು. ಅದೂ ಕೆಂಪು.

"ಹುಳಿ ಉಂಟು ಮಾವ. ಸುಣ್ಣ ಸಾಲಲಿಲ್ಲ. ನೀವು ಪರೀಕ್ಷೆ ಮಾಡಲಿಲ್ಲವಾ?"

ನನಗೆ ಸ್ವಲ್ಪ ಸಿಟ್ಟೇ ಬಂತು. ಮೂವತ್ತು ವರ್ಷದಿಂದ ಮದ್ದು ಕಲಸುತ್ತಿರುವವ ನಾನು. "ಮಾಡದೆ ಇರ್ತೇನಾ? ಚೂರಿ ಅದ್ದಿ ನೋಡಿದ್ದೇನೆ. ಏನೂ ಹಿಡಿಯಲಿಲ್ಲ" ಅಂದೆ. ಚೂರಿಯನ್ನೂ ತೋರಿಸಿದೆ. ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಸ್ಟೀಲಲ್ವಾ ಮಾವ?" ಎಂದಳು.

ಟೀಚರ್ ಒಂದು ಮಾತೂ ಆಡಲಿಲ್ಲ, ಸುಮ್ಮನೆ ನಿಂತಿದ್ದರು. ಒಬ್ಬ ಹುಡುಗ ಕೊಟ್ಟಿಗೆಯಿಂದ ನನ್ನ ಅಪ್ಪನ ಕಾಲದ ಹಳೆ ಕತ್ತಿ ತಂದ. ಮರಳು ಹಾಕಿ ತಿಕ್ಕಿ ತುಕ್ಕು ತೆಗೆದು ಬ್ಯಾರಲಿನಲ್ಲಿ ಅದ್ದಿ ಹಿಡಿದ. ಎರಡು ನಿಮಿಷಕ್ಕೆ ಕತ್ತಿಯ ಅಲಗಿಗೆ ಇಟ್ಟಿಗೆ ಬಣ್ಣದ ಪೊರೆ ಕೂತಿತು. ತಾಮ್ರ!

ಮರ ಹತ್ತುವವರು ಮುಖ ಮುಖ ನೋಡಿಕೊಂಡು ನಕ್ಕರು. ನಗಲಿ ಬಿಡಿ. ನನ್ನ ತಲೆಯಲ್ಲಿ ಓಡಿದ್ದು ಹಿಂದಿನ ವರ್ಷದ ಲೆಕ್ಕ. 2013ರ ಮಳೆಗಾಲವನ್ನು ನಮ್ಮ ಕಡೆಯ ಅಡಿಕೆಯವರು ಮರೆಯುವಂತಿಲ್ಲ. ಬಿಡದೆ ಸುರಿದ ಮಳೆಗೆ ಕೊಳೆರೋಗ ಬಂದು ತೋಟದ ಬುಡವೆಲ್ಲ ಎಳೆಕಾಯಿ. ಬೊಗಸೆಯಲ್ಲಿ ಹೆಕ್ಕಿ ಹೊರಗೆ ಹಾಕಿದ್ದೆವು. ಮಳೆ ಹಾಗೆ ಬಂದರೆ ಯಾರು ಏನು ಮಾಡಲಿಕ್ಕಾಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ವರ್ಷವೂ ಅದ್ದಿದ್ದು ಇದೇ ಸ್ಟೀಲ್ ಚೂರಿ. ಎಲ್ಲ ನಷ್ಟವೂ ಚೂರಿಯಿಂದ ಆದದ್ದು ಅಂತ ಹೇಳುವುದಿಲ್ಲ, ಮಳೆಯ ಪಾಲು ಮಳೆಗೆ ಇದ್ದೇ ಇದೆ. ಆದರೆ ಹುಳಿ ಬೋರ್ಡೋದಲ್ಲಿ ಮೈಲುತುತ್ತು ಸುಣ್ಣಕ್ಕೆ ಪೂರ್ತಿ ಕಟ್ಟಿಕೊಂಡಿರುವುದಿಲ್ಲ. ನೀರಲ್ಲಿ ಕರಗಿಯೇ ಇರುತ್ತದೆ. ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ, ಎಳೆಕಾಯಿಯನ್ನು ಸುಡುವುದೂ ಉಂಟು. ಅಂದರೆ ಕೂಲಿ ಕೊಟ್ಟು, ಜೀವ ಪಣಕ್ಕಿಟ್ಟು ಮರ ಹತ್ತಿಸಿ, ನಾನು ಬಿಡಿಸಿದ್ದು ನೀಲಿ ನೀರು.

ಟೀಚರ್ ಆಮೇಲೆ ಜಗಲಿಯಲ್ಲಿ ಕೂತು ವಿವರಿಸಿದರು. ಕಬ್ಬಿಣಕ್ಕೆ ತಾಮ್ರಕ್ಕಿಂತ ಚುರುಕು ಜಾಸ್ತಿ. ದ್ರಾವಣದಲ್ಲಿ ಬಿಡಿ ತಾಮ್ರ ಇದ್ದರೆ ಅದನ್ನು ಹೊರಗೆ ದೂಡಿ ತಾನು ಒಳಗೆ ಕರಗುತ್ತದೆ. ಹೊರಬಿದ್ದ ತಾಮ್ರ ಅಲಗಿಗೆ ಅಂಟುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ, ಅದರಿಂದ ಮೈಮೇಲೆ ಕಣ್ಣಿಗೆ ಕಾಣದ ತೆಳು ಪೊರೆ. ಅದು ತಡೆಯುತ್ತದೆ. ಹಿರಿಯರು ಹೇಳಿದ ಪರೀಕ್ಷೆ ಸರಿಯೇ ಇತ್ತು, ಅವರ ಕತ್ತಿ ಕಬ್ಬಿಣದ್ದು. ಮನೆಗೆ ಸ್ಟೀಲ್ ಬಂತು, ಪರೀಕ್ಷೆ ಮಾತ್ರ ಹಾಗೇ ಉಳಿಯಿತು. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಮೈಲುತುತ್ತಿನ ನೀರಿಗೆ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ಇದೆಯಲ್ಲ, ಅದೇ ಇದು. ಅದನ್ನು ಓದಿಯೇ ನಾನೂ ಪಾಸಾಗಿದ್ದೆ!

ಸುಣ್ಣ ಸಾಲದೆ ಹೋದದ್ದು ಯಾಕೆ ಎಂಬುದನ್ನೂ ಮಕ್ಕಳೇ ಕಂಡುಹಿಡಿದರು. 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ತೂಕ ನಾನು ಸರಿಯಾಗಿಯೇ ಹಾಕಿದ್ದೆ. ಆದರೆ ಸುಣ್ಣ ಮೇ ತಿಂಗಳಲ್ಲಿ ಬಾಯಿ ಬಿಚ್ಚಿಟ್ಟ ಕಟ್ಟಿನದು. ಒಬ್ಬ ಹುಡುಗ ಲೋಟದಲ್ಲಿ ತಿಳಿ ಸುಣ್ಣದ ನೀರು ತೆಗೆದುಕೊಂಡು ಪಪ್ಪಾಯಿ ಎಲೆಯ ದಂಟಿನಲ್ಲಿ ಊದಿದ. ನೀರು ಹಾಲಿನಂತಾಯಿತು. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಸೀಮೆಸುಣ್ಣದ ಜಾತಿಗೆ ಸೇರಿಸಿತು. ತೆರೆದಿಟ್ಟ ಸುಣ್ಣಕ್ಕೆ ಗಾಳಿಯೂ ನಿಧಾನಕ್ಕೆ ಇದನ್ನೇ ಮಾಡುತ್ತದೆ. ತೂಕ ಇರುತ್ತದೆ, ಕಸುವು ಇರುವುದಿಲ್ಲ. ಹೊಸ ಸುಣ್ಣದ ಹಾಲು ಸ್ವಲ್ಪ ಸ್ವಲ್ಪವೇ ಸೇರಿಸಿ, ಕತ್ತಿಗೆ ಕೆಂಪು ಹಿಡಿಯುವುದು ನಿಂತ ಮೇಲೆ ಅವತ್ತು ಮದ್ದು ಬಿಟ್ಟೆವು.

ಮಕ್ಕಳು ಬಂದದ್ದು ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು. ರಾಷ್ಟ್ರ ಮಟ್ಟದಲ್ಲಿ ಇದು ಶುರುವಾದದ್ದು 1993ರಲ್ಲಿ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂತು. 10ರಿಂದ 17 ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು, ಮನೆಮನೆ ತಿರುಗಿ, ಅಳೆದು, ಬರೆದು ವರದಿ ಮಾಡಬೇಕು. ಶಿಕ್ಷಕರು ದಾರಿ ತೋರಿಸಬೇಕು ಅಷ್ಟೆ. 2014 ಮತ್ತು 2015ಕ್ಕೆ ಕೊಟ್ಟ ವಿಷಯ ಹವೆ ಮತ್ತು ಹವಾಗುಣ. ನಮ್ಮ ಮಕ್ಕಳು ಮಳೆಗೂ ಕೊಳೆರೋಗಕ್ಕೂ ಇರುವ ನಂಟನ್ನು ಆರಿಸಿಕೊಂಡು, ನೇರ ಬದಿಯ ಡಬ್ಬಿಗಳಲ್ಲಿ ಮಳೆ ಅಳೆಯುತ್ತ, ಬೋರ್ಡೋ ಪರೀಕ್ಷಿಸುತ್ತ ನಮ್ಮ ಬೈಲಿನ ಮನೆಗಳನ್ನೆಲ್ಲ ಸುತ್ತಿದ್ದರು. ಬೋರ್ಡೋ ಹುಳಿಯಾದವ ನಾನೊಬ್ಬನೇ ಅಲ್ಲ ಎಂಬುದು ಅವರ ವರದಿಯಿಂದ ಗೊತ್ತಾಗಿ ಸ್ವಲ್ಪ ಹಾಯೆನಿಸಿತು.

ಇದಕ್ಕೂ ತಾಲೂಕು ಮಟ್ಟದ ವಸ್ತುಪ್ರದರ್ಶನಗಳಿಗೂ ಅಜಗಜಾಂತರ. ನಾನು ಕಂಡ ಪ್ರದರ್ಶನಗಳಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ ವರ್ಷ ವರ್ಷ ಬಾಯಿಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಯಾರೂ ಜ್ವಾಲಾಮುಖಿ ಕಂಡವರಿಲ್ಲ. ಮಾಡಿಕೊಟ್ಟದ್ದು ಹೆಚ್ಚಾಗಿ ಅಪ್ಪ ಅಮ್ಮ. ಮಕ್ಕಳಿಗೆ ಬಾಯಿಪಾಠ, ಅತಿಥಿಗಳಿಗೆ ಹಾರ.

ಜಿಲ್ಲಾ ಮಟ್ಟದಲ್ಲಿ ನಮ್ಮ ಮಕ್ಕಳು ಆಯ್ಕೆಯಾಗಲಿಲ್ಲ. ಹುಡುಗಿ ಅತ್ತಳಂತೆ. ಟೀಚರ್ ಮಾತ್ರ, "ನಮ್ಮ ತೀರ್ಪುಗಾರರು ಇಲ್ಲಿ ಇಲ್ಲ, ಊರಿನಲ್ಲಿದ್ದಾರೆ" ಅಂದರಂತೆ. ಮುಂದಿನ ಜುಲೈಯಲ್ಲಿ, ಎರಡನೇ ಮದ್ದಿಗೆ ಮುಂಚಿನ ಆದಿತ್ಯವಾರ, ಹಾಲಿನ ಸೊಸೈಟಿಯ ಜಗಲಿಯಲ್ಲಿ ಮಕ್ಕಳು ಮೇಜು ಹಾಕಿದರು. ಬೆಳಿಗ್ಗೆ ಹಾಲು ಹಾಕಲು ಬರುವವರು ಬಾಟಲಿಯಲ್ಲಿ ಬೋರ್ಡೋ, ಕಾಗದದಲ್ಲಿ ಸುಣ್ಣ ತಂದರು. ಲಿಟ್ಮಸ್ ಮುಗಿದಾಗ ಅರಸಿನ ಹಚ್ಚಿ ಒಣಗಿಸಿದ ಕಾಗದ ಬಂತು. ಅರಸಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದು ಆರತಿ ನೀರು ಮಾಡಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಕಾಗದ ಕೆಂಪಾದರೆ ಸುಣ್ಣದ ಕಡೆಗೆ ಇದೆ ಎಂದು ಅರ್ಥ. ಹಳದಿಯಾಗಿಯೇ ಉಳಿದರೆ ಕಬ್ಬಿಣ ಅದ್ದಿ ನೋಡಬೇಕು. ಅವತ್ತು ಗಂಡಸರಿಗಿಂತ ಚೆನ್ನಾಗಿ ಪ್ರಶ್ನೆ ಕೇಳಿದ್ದು ಹಾಲು ತಂದ ಹೆಂಗಸರು.

ಕೃಷಿಕರ ಮುಂದೆ ಪ್ರಯೋಗ ಇಡುವುದು ಹೊಸತಲ್ಲ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಅಭ್ಯಾಸ ಮಾಡಿದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದ ಬೋರ್ಡೋವನ್ನು ಅಡಿಕೆಗೆ ತಂದವರು ಅವರು.

ಟೀಚರಿಗೆ ಪ್ರಶಸ್ತಿ ಕೊಡಿಸಬೇಕು ಎಂದು ನಾವು ಕೆಲವರು ಓಡಾಡಿದೆವು. ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ 1958ರಿಂದ ಇದೆ. 2018ರ ನಂತರ ಶಿಕ್ಷಕರೇ ಅರ್ಜಿ ಹಾಕುವ ಕ್ರಮ ಬಂತು, ಸಂಖ್ಯೆಯೂ ಇಡೀ ದೇಶಕ್ಕೆ ಐವತ್ತರ ಆಸುಪಾಸಿಗೆ ಇಳಿಯಿತು. ನಮ್ಮ ಬೈಲಿನ ಸರಕಾರಿ ಶಾಲೆಗೆ ಅದು ಯಾವಾಗ ತಲುಪಬೇಕು! ಟೀಚರಂತೂ, ಫೈಲು ಮಾಡುವ ಹೊತ್ತಿನಲ್ಲಿ ಎರಡು ಪಾಠ ಮುಗಿಸುತ್ತೇನೆ ಅಂದರು. ಹಾಗಾದರೆ ಊರವರೇ ಸನ್ಮಾನ ಮಾಡುವ ಎಂದು 2018ರಲ್ಲಿ ನಿಶ್ಚಯಿಸಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ಪಟ್ಟಿ ಮಾಡಿದ್ದೆವು. ಅದನ್ನು ನೋಡಿ, "ಈ ದುಡ್ಡಿಗೆ ಒಂದು ಮಳೆಮಾಪಕ, ಒಂದು ತಕ್ಕಡಿ ಬರ್ತದಲ್ವಾ? ಮತ್ತೆ, ನೀವು ಯಾರಾದರೂ ತಿಂಗಳಿಗೊಮ್ಮೆ ಕ್ಲಾಸಿಗೆ ಬಂದು ಪಾಠ ಮಾಡಬೇಕು" ಅಂದರು. ಮಳೆಮಾಪಕ ಕೊಟ್ಟೆವು, ತಕ್ಕಡಿ ಕೊಟ್ಟೆವು. ಶಾಲನ್ನೂ ಹೊದೆಸಿಯೇ ಬಿಟ್ಟೆವು, ಊರವರಿಗೆ ಸಮಾಧಾನ ಆಗಬೇಕಲ್ಲ. ಪಾಠಕ್ಕೆ ನಾನು ಹೋದದ್ದು ಎರಡೇ ಸಲ. ಕಸಿ ಕಟ್ಟುವುದನ್ನು ತೋರಿಸಿದೆ. ಮೂರನೇ ತಿಂಗಳು ಅಡಿಕೆ ಕೊಯ್ಲು, ನಾಲ್ಕನೇ ತಿಂಗಳು ಯಾರದೋ ಮದುವೆ. ನಿಂತೇ ಹೋಯಿತು.

2019ರಲ್ಲಿ ಟೀಚರಿಗೆ ವರ್ಗವಾಯಿತು. ಆ ಜುಲೈಯಲ್ಲಿ ಸೊಸೈಟಿ ಜಗಲಿಯಲ್ಲಿ ಮೇಜು ಇರಲಿಲ್ಲ. ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ. ಆಮೇಲೆ ಕೊರೋನಾ ಬಂತು, ಶಾಲೆಗೇ ಬೀಗ. ಮಳೆಮಾಪಕದೊಳಗೆ ಜೇಡ ಬಲೆ ಕಟ್ಟಿತ್ತು ಎಂದು ಹುಡುಗರು ಹೇಳಿದಾಗ ನಾಚಿಕೆಯಾಯಿತು. ತಕ್ಕಡಿ ಕೊಟ್ಟ ಫೋಟೋ ಮಾತ್ರ ನಮ್ಮ ಚಾವಡಿಯಲ್ಲಿ ಚಂದ ತೂಗುತ್ತಿತ್ತು.

ಮತ್ತೆ ಹಚ್ಚಿದವಳು ಅದೇ ಪಕ್ಕದ ಮನೆಯ ಹುಡುಗಿ. ರಸಾಯನಶಾಸ್ತ್ರ ಓದಿ ಊರಿಗೆ ಬಂದವಳು, 2022ರ ಮೇಯಲ್ಲಿ, "ಮಾವ, ಮೇಜು ನಾನು ಹಾಕ್ತೇನೆ, ನೀವು ಕತ್ತಿ ತನ್ನಿ" ಅಂದಳು. ಜುಲೈ ಬದಲು ಮೇ ಎಂದು ಬದಲಾಯಿಸಿದ್ದು ಅವಳೇ. ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು ಅದಾಗಿ 40-45 ದಿನಕ್ಕೆ ಅಲ್ಲವಾ? ಮೊದಲನೆಯದೇ ಹುಳಿಯಾದರೆ ಜುಲೈಯಲ್ಲಿ ತಿಳಿದು ಏನು ಫಲ. ಆದರೆ ಮೇಯಲ್ಲಿ ಶಾಲೆಗೆ ರಜೆ. ಹಾಗಾಗಿ ಮಕ್ಕಳನ್ನು ಮನೆಮನೆಗೆ ಹೋಗಿ ಕರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರೆ ಊರಿನಿಂದ ಬಸ್ಸು ಹಿಡಿದು ಟೀಚರ್ ಬರುತ್ತಾರೆ. ವೇದಿಕೆ ಇಲ್ಲ, ಅವರೂ ಬೆಂಚಿನಲ್ಲೇ ಕೂತು ಬಾಟಲಿಗಳಿಗೆ ನಂಬರ್ ಹಚ್ಚುತ್ತಾರೆ. ಈಗಿನ ವಿಜ್ಞಾನದ ಮಾಸ್ಟ್ರು ಹೊಸಬರು, ಬಯಲುಸೀಮೆಯವರು. ಬಂದ ವರ್ಷ ಅಡಿಕೆ ಮರ ಯಾವುದು ತೆಂಗು ಯಾವುದು ಎಂದು ಮಕ್ಕಳೇ ಅವರಿಗೆ ಹೇಳಿಕೊಟ್ಟರು. ಈಗ ಮಳೆಮಾಪಕವನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ಗೋಡೆಗೆ ಬರೆಸುವವರು ಅವರೇ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು, ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಮಿಕ್ಕಿ ಎಂದು ಏಳನೇ ಕ್ಲಾಸಿನ ಮಕ್ಕಳು ಲೆಕ್ಕ ಹೇಳುತ್ತಾರೆ. ಅಂಥ ಒಂದು ಗೋಡೆ ಬರಹ ನೋಡಿಯೇ ನಮ್ಮ ಬೈಲಿನ ಇಬ್ಬರು ಮಾಡಿನ ನೀರನ್ನು ಬಾವಿಗೆ ತಿರುಗಿಸಿದರು.

ಮುಂದಿನ ಮೇಯ ಕೊನೆಯ ಆದಿತ್ಯವಾರ ಮತ್ತೆ ಮೇಜು ಹಾಕುತ್ತೇವೆ. ಬರುವವರು ಆ ದಿನವೇ ಕಲಸಿದ ಬೋರ್ಡೋವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ, ನಿನ್ನೆಯದು ಬೇಡ. ಬಳಸುವ ಸುಣ್ಣವನ್ನೂ ಒಂದು ಮುಷ್ಟಿ ತನ್ನಿ. ಕತ್ತಿ ನನ್ನ ಹತ್ತಿರ ಉಂಟು, ಕಬ್ಬಿಣದ್ದೇ.